ಒಂದು ಕಡಿಮೆ

ಫಾರಂ ತೆರೆದುಕೊಳ್ಳಬೇಕಾದರೆ
ಶಾಲೆಯ ಹಿಂದಿನ ಗುಡ್ಡ ಹತ್ತಬೇಕು.
ಲೆಸೊಥೊದ ಈ ಮೂಲೆಯಲ್ಲಿ ಸಿಗ್ನಲ್ಲೂ ಒಂದು ಮೇಕೆ,
ಕಡಿದಾದ ಬಂಡೆಯ ಮೇಲೇ ನಿಲ್ಲುತ್ತದೆ.
ಕಂಬಳಿ ಹೊದ್ದು, ಗಂಬೂಟು ಹಾಕಿ,
ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ಅವಚಿಕೊಂಡು
ನಲವತ್ತೇಳರ ನಾನು ಹತ್ತಿದೆ.
ಶುಲ್ಕಕ್ಕೆ ಎರಡು ಮೇಕೆಯ ಉಣ್ಣೆ ಹೋಗಿತ್ತು.
ಈ ವಯಸ್ಸಲ್ಲಿ ಡಾಕ್ಟರಾಗಿ ಯಾರಿಗೆ ಸೂಜಿ ಚುಚ್ಚುತ್ತೀ
ಅಂದಿದ್ದಳು ನಾದಿನಿ.

ಹೆಸರು: ಪುಸೆಲೆಟ್ಸೊ.
ಸತ್ತ ಮಗುವಿನ ಬದಲಿಗೆ ಬಂದವಳು ಎಂದರ್ಥ,
ಅದಕ್ಕಲ್ಲಿ ಜಾಗವಿಲ್ಲ.
ಅನುಭವ: ಇಪ್ಪತ್ತೆರಡು ವರ್ಷ.
ಪ್ರಕಟಿತ ಲೇಖನಗಳು:
ಇಲ್ಲ ಅಂತ ಬರೆದು, ಅಳಿಸಿ,
ಮತ್ತೆ ಇಲ್ಲ ಅಂತಲೇ ಬರೆದೆ.

ಶಿಫಾರಸಿಗೆ ಇಬ್ಬರು ಬೇಕು.
ಹಳೆಯ ಇನ್ಸ್‌ಪೆಕ್ಟರು ಎರಡು ಸಲ ನೆನಪಿಸಿದ ಮೇಲೆ
ನಾಲ್ಕು ಸಾಲು ಕಳಿಸಿದರು, ಅದರಲ್ಲಿ ಒಂದೂವರೆ ತಮ್ಮ ಬಗ್ಗೆ.
ಸಿಸ್ಟರ್ ಯೂಲಾಲಿಯಾ, ಕಣ್ಣು ಮಂಜಾದವಳು,
ಏನು ಬರೆಯಬೇಕೆಂದು ನನ್ನನ್ನು ಕೇಳದೆ ಬರೆದು,
ಲಕೋಟೆಗೆ ಅಂಟು ಹಚ್ಚಿ, ಬೆರಳಿಂದ ತಿಕ್ಕಿ
ಟ್ಯಾಕ್ಸಿಯವನ ಕೈಯಲ್ಲಿ ರೋಮಾಕ್ಕೆ ಕಳಿಸಿದಳು
(ಪೋಪರದಲ್ಲ, ಯೂನಿವರ್ಸಿಟಿ ಇರುವ ನಮ್ಮ ರೋಮಾ).
ಒಳಗೇನಿದೆಯೋ ಗೊತ್ತಿಲ್ಲ.
ಆರನೇ ತರಗತಿಯಲ್ಲಿ ಅವಳಿಂದ ಎರಡು ಏಟು ತಿಂದಿದ್ದೆ.

ಆಮೇಲೆ ಆ ಪ್ರಶ್ನೆ:
"ನಿಮ್ಮ ಸಂಶೋಧನೆಯ ಸಮಸ್ಯೆಯನ್ನು
ಐನೂರು ಪದಗಳಲ್ಲಿ ವಿವರಿಸಿ."

ನನ್ನ ಸಮಸ್ಯೆಗೆ ಹದಿನಾರು ವರ್ಷ.
ಹಗಲೆಲ್ಲ ಬೇರೆಯವರ ಕುರಿ ಕಾಯ್ದು
ರಾತ್ರಿ ಲಾಟೀನಿನ ಶಾಲೆಗೆ ಬರುತ್ತಾನೆ,
ಹಿಂದಿನ ಬೆಂಚಿನಲ್ಲಿ ನಾಯಿಯನ್ನೂ ಕೂರಿಸಿಕೊಳ್ಳುತ್ತಾನೆ.
ಎಂಬತ್ತಮೂರರಲ್ಲಿ ಒಂದು ಕಳೆದರೆ ಎಷ್ಟು?
ಮೊಖೆಥಿ ಬಳಪ ಕಚ್ಚಿದ, ಬೆವರಿದ.
ಎಂಟು ಎಂದ. ಮೂವತ್ತು ಎಂದ. ಹುಡುಗರು ನಕ್ಕರು.

ಮರುದಿನ ಸಂಜೆ, ಹಿಮ ಬೀಳುವ ಮುಂಚೆ,
ದೊಡ್ಡಿಯ ಬಾಗಿಲಲ್ಲಿ ನಿಂತಿದ್ದ.
ಕುರಿಗಳು ನುಗ್ಗಿದವು, ಕೊಳಕು ಉಣ್ಣೆಯ ಹೊಳೆ.
ಬೆರಳು ಮಡಿಸಲಿಲ್ಲ, ತುಟಿ ಅಲುಗಲಿಲ್ಲ.
"ಒಂದು ಕಡಿಮೆ" ಎಂದ,
"ಕಿವಿ ಸೀಳಿದವಳು. ಕಳೆದ ವರ್ಷ ಅವಳಿ ಹಾಕಿದ್ದಳಲ್ಲ, ಅವಳು."
ಕತ್ತಲಲ್ಲಿ ಹೋಗಿ ಕರೆತಂದ.

ಇಪ್ಪತ್ತೆರಡು ವರ್ಷ ಕಳೆಯುವ ಲೆಕ್ಕ ಕಲಿಸಿದ್ದೇನೆ.
ಕಳೆದದ್ದನ್ನು ಹುಡುಕಿ ತಾ ಎಂದು
ಯಾವ ಹುಡುಗನಿಗೂ ಹೇಳಿಲ್ಲ.

ಇದನ್ನೆಲ್ಲ ಬರೆದೆ. ಆರುನೂರ ಹನ್ನೆರಡು.
ಚೌಕ ಕೆಂಪಾಯಿತು.
ನಾಯಿಯನ್ನು ತೆಗೆದೆ. ಹಿಮ ತೆಗೆದೆ.
ಕಿವಿ ಸೀಳಿದವಳು ಹೋದಳು, ಅವಳ ಹಿಂದೆ ಅವಳಿಗಳೂ.
"ಹುಡುಗ" ಇದ್ದಲ್ಲಿ "ಕಲಿಕಾರ್ಥಿ" ಎಂದೆ,
"ನೋಡಿದ" ಇದ್ದಲ್ಲಿ "ಸಂಖ್ಯಾಪೂರ್ವ ಗ್ರಹಿಕೆ".
ಆ ಮಾತು ಬರೆಯುವಾಗ ಒಂದು ಕ್ಷಣ ಖುಷಿಯಾದದ್ದು ಸುಳ್ಳಲ್ಲ,
ಯಾರೋ ಹೊಸ ಕೋಟು ತೊಡಿಸಿದ ಹಾಗೆ.
ಐನೂರು. ಒತ್ತಿದೆ.
ಚಕ್ರ ತಿರುಗಿತು, ಗಾಳಿ ತಿರುಗಿತು,
ಬ್ಯಾಟರಿ ಒಂಬತ್ತು ಪರ್ಸೆಂಟಿಗೆ ಬಂದಾಗ
"ಸ್ವೀಕರಿಸಲಾಗಿದೆ" ಎಂದಿತು.

ಇಳಿಯುವಾಗ ಕೆಳಗಿನಿಂದ ಸಿಳ್ಳು.
ಮೊಖೆಥಿ ಎಂದರೆ ಸೆಸೊಥೊದಲ್ಲಿ ಆರಿಸುವವನು.
ಆಯ್ಕೆ ಸಮಿತಿಯಲ್ಲಿ ಐವರಿದ್ದಾರಂತೆ,
ಅವರೂ ಬಾಗಿಲಲ್ಲಿ ನಿಂತು ಒಳಗೆ ಬಿಡುವವರೇ.
ಬೆರಳು ಮಡಿಸುತ್ತಾರೋ,
ಮುಖ ನೋಡುತ್ತಾರೋ.

"ಹೋಯ್ತಾ, ಟೀಚರ್?"
"ಹೋಯ್ತು."
"ಪೂರ್ತಿ?"
ಗಂಬೂಟಿನ ಕೆಸರನ್ನು ಕಲ್ಲಿಗೆ ಉಜ್ಜಿದೆ.
ಇವತ್ತು ಎಂಬತ್ತೆರಡಕ್ಕೆ ಒಂದು ಕೂಡಿಸೋದಿದೆ,
ನಾಯಿಯನ್ನೂ ಕರೆದುಕೊಂಡು ಬಾ, ಅಂದೆ.